ತುಘಲಕನ ಹುಚ್ಚೂ ನಮ್ಮ ಗೈಡುಗಳೂ



ಕಳೆದ ತಿಂಗಳು ಬಸವೇಶ್ವರನಗರದಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ನಾಮಕರಣವಿತ್ತು. ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುತ್ತ ಕುಳಿತಿದ್ದಾಗ ಹಿರಿಯರೊಬ್ಬರು ತಮ್ಮ ಬೀದಿಯ ಕಥೆ ತೆಗೆದರು. ಡಾಂಬರು ಹಾಕಿದ ಮೂರನೆಯ ವಾರಕ್ಕೇ ಮತ್ತೆ ರಸ್ತೆ ಅಗೆದಿದ್ದಾರಂತೆ. ಕಥೆಯ ಕೊನೆಗೆ "ಎಲ್ಲಾ ತುಘಲಕ್ ದರ್ಬಾರು ಕಣಯ್ಯಾ, ಹುಚ್ಚರ ರಾಜ್ಯ" ಎಂದರು. ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ.

ಅಷ್ಟರಲ್ಲಿ ನನ್ನ ಅಕ್ಕನ ಮೊಮ್ಮಗಳು ಹತ್ತಿರ ಬಂದು ಕುಳಿತಳು. ಆಕೆ ಬಿ.ಎ. ಓದುತ್ತಿದ್ದಾಳೆ. "ತಾತ, ನಮಗೆ ‘ತುಘಲಕ್’ ನಾಟಕ ಪಾಠಕ್ಕಿದೆ. ಈ ನೋಟ್ಸು ಸರಿಯಾಗಿದೆಯಾ ನೋಡಿ" ಎಂದು ನಾಲ್ಕು ಹಾಳೆಗಳ ಜೆರಾಕ್ಸ್ ಪ್ರತಿಯನ್ನು ಕೈಗಿತ್ತಳು. ಕನ್ನಡಕ ಏರಿಸಿ ಓದಿದೆ. ‘ನಾಟಕದಲ್ಲಿ ಸಂಕೇತಗಳು’ ಎಂಬ ಶೀರ್ಷಿಕೆಯ ಕೆಳಗೆ ಒಂದು ಪಟ್ಟಿ ಇತ್ತು. ಚದುರಂಗ ಎಂದರೆ ರಾಜಕೀಯ. ಗುಲಾಬಿ ತೋಟ ಎಂದರೆ ಆದರ್ಶ. ಪ್ರಾರ್ಥನೆ ಎಂದರೆ ಧರ್ಮ. ದೌಲತಾಬಾದಿನ ಕೋಟೆ ಎಂದರೆ ಅಹಂಕಾರ. ಪಟ್ಟಿಯ ನಂತರ ‘ನಾಯಕನ ಪಾತ್ರಚಿತ್ರಣ’. ಅದರಲ್ಲಿ ಮೂರೇ ಮೆಟ್ಟಿಲು: ಮೊದಲು ಆದರ್ಶವಾದಿ, ಅನಂತರ ಕ್ರೂರಿ, ಕೊನೆಗೆ ಹುಚ್ಚ. ಅಡಿಗೆರೆ ಎಳೆದು ಪಕ್ಕದಲ್ಲಿ ‘ಮುಖ್ಯ’ ಎಂದು ಬರೆದಿತ್ತು.

"ಪುಸ್ತಕ ಓದಿದೆಯೇನಮ್ಮಾ?" ಎಂದು ಕೇಳಿದೆ. "ಇದನ್ನು ಓದಿದರೆ ಸಾಕು ಎಂದಿದ್ದಾರೆ ತಾತ" ಎಂದಳು.

ಮಗುವಿನ ಮೇಲೆ ನನಗೆ ಕೋಪ ಬರಲಿಲ್ಲ. ಕೋಪ ಬಂದದ್ದು ಆ ನಾಲ್ಕು ಹಾಳೆಗಳ ಮೇಲೆ. ಆ ಕೋಪದಲ್ಲಿ ಒಂದು ಪಾಲು ನನಗೇ ಸೇರಬೇಕಾದದ್ದು ಎಂಬುದನ್ನು ಮುಂದೆ ಹೇಳುತ್ತೇನೆ. ಆ ದಿನ ಹುಡುಗಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟೇ: ದುರಂತ ನಾಯಕನನ್ನು ‘ಹುಚ್ಚ’ ಎಂದು ಕರೆದು ಕೈತೊಳೆದುಕೊಳ್ಳುವುದು ನಾಟಕವನ್ನು ಓದದೆ ಇರಲು ನಾವು ಕಂಡುಕೊಂಡ ಸುಲಭದ ದಾರಿ. ಸಂಕೇತಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದು ಅದೇ ದಾರಿಯ ಇನ್ನೊಂದು ಕವಲು. ಈ ಎರಡೂ ಅಭ್ಯಾಸಗಳು ಸಾಹಿತ್ಯಕ್ಕಷ್ಟೇ ಕೆಡುಕು ಮಾಡುವುದಿಲ್ಲ, ಮನುಷ್ಯರಿಗೂ ಮಾಡುತ್ತವೆ.

ಮೊದಲು ಚರಿತ್ರೆಯ ಮಾತು. ಮುಹಮ್ಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ, ಇಪ್ಪತ್ತಾರು ವರ್ಷ ದೆಹಲಿಯನ್ನಾಳಿದ. ಅವನ ಕಾಲದವರು ಅವನನ್ನು ಕಂಡು ಬೆರಗಾದರು, ಬೆದರಿದರು. ವರ್ಷಗಳ ಕಾಲ ಅವನ ಆಸ್ಥಾನದಲ್ಲಿದ್ದ ಇತಿಹಾಸಕಾರ ಜಿಯಾಉದ್ದೀನ್ ಬರನಿ ಅವನ ಯೋಜನೆಗಳನ್ನು ಕಟುವಾಗಿ ಟೀಕಿಸಿದ್ದಾನೆ, ಅವನ ವಿದ್ವತ್ತಿಗೆ ತಲೆದೂಗಿಯೂ ಇದ್ದಾನೆ. 1330ರ ದಶಕದಲ್ಲಿ ದೆಹಲಿಗೆ ಬಂದು ಅವನಿಂದಲೇ ನ್ಯಾಯಾಧೀಶನ ಪದವಿ ಪಡೆದ ಇಬ್ನ್ ಬತೂತ, ಈ ದೊರೆಗೆ ದಾನ ಕೊಡುವುದರಲ್ಲೂ ರಕ್ತ ಹರಿಸುವುದರಲ್ಲೂ ಸಮಾನ ಪ್ರೀತಿ ಎಂಬ ಅರ್ಥದಲ್ಲಿ ಬರೆದಿದ್ದಾನೆ. ಇವನಿಗೆ ಬುದ್ಧಿಭ್ರಮಣೆ ಇದ್ದಿರಬಹುದೇ ಎಂಬ ಶಂಕೆಯನ್ನು ಶಾಲೆಯ ಓದಿನವರೆಗೆ ತಂದವರಲ್ಲಿ 1841ರಲ್ಲಿ ಹಿಂದೂಸ್ತಾನದ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ಎಲ್ಫಿನ್‌ಸ್ಟನ್ ಪ್ರಮುಖ. ಅವನ ಶಂಕೆ ನಮ್ಮ ಪಠ್ಯಗಳಲ್ಲಿ ತೀರ್ಪಾಯಿತು, ಪಠ್ಯದ ತೀರ್ಪು ಪತ್ರಿಕೆಯ ತಲೆಬರಹಕ್ಕೆ ಬಂತು, ಅಲ್ಲಿಂದ ಅಗೆದ ರಸ್ತೆಗೂ ಬಂತು.

ಅವನ ‘ಹುಚ್ಚು’ ಯೋಜನೆಗಳಲ್ಲಿ ಹೆಸರುವಾಸಿಯಾದ ತಾಮ್ರದ ನಾಣ್ಯವನ್ನೇ ನೋಡೋಣ. ಬೆಳ್ಳಿಯ ಕೊರತೆಯಿದ್ದ ಕಾಲದಲ್ಲಿ, ಬೆಳ್ಳಿಯ ಬೆಲೆಯನ್ನೇ ಹೊತ್ತ ಅಗ್ಗದ ಲೋಹದ ನಾಣ್ಯ ಚಲಾಯಿಸುವುದು ಹುಚ್ಚೇ? ಅದಕ್ಕೂ ಮೊದಲೇ ಚೀನಾದಲ್ಲಿ ಕಾಗದದ ಹಣ ಓಡುತ್ತಿತ್ತು. ಪರ್ಷಿಯಾದಲ್ಲಿ 1294ರಲ್ಲಿ ಪ್ರಯತ್ನಿಸಿ ಸೋತಿದ್ದರು. ಇಂದು ನಮ್ಮ ಜೇಬಿನಲ್ಲಿರುವ ಐನೂರರ ನೋಟು ಎಂದರೇನು? ಒಂದು ತುಂಡು ಕಾಗದ, ಅದರ ಮೇಲೊಂದು ವಾಗ್ದಾನ, ವಾಗ್ದಾನದ ಕೆಳಗೊಂದು ಸಹಿ. ಆ ಸಹಿಯನ್ನು ನಂಬಿ ನಾವು ತರಕಾರಿ ಕೊಳ್ಳುತ್ತೇವೆ, ತರಕಾರಿಯವಳು ನಂಬಿ ಕೊಡುತ್ತಾಳೆ. ತುಘಲಕನ ಯೋಚನೆ ಕಾಲಕ್ಕಿಂತ ಮುಂದಿತ್ತು. ಖೋಟಾ ನಾಣ್ಯವನ್ನು ತಡೆಯುವ ವ್ಯವಸ್ಥೆ ಅವನ ಬಳಿ ಇರಲಿಲ್ಲ. ಮನೆ ಮನೆಯೂ ಟಂಕಸಾಲೆಯಾಯಿತೆಂದು ಬರನಿ ಬರೆಯುತ್ತಾನೆ. ಕೊನೆಗೆ ಸುಲ್ತಾನ ಮಾಡಿದ್ದೇನು? ಖೋಟಾ ಎಂದು ತಿಳಿದೂ ಆ ನಾಣ್ಯಗಳನ್ನು ಹಿಂದಕ್ಕೆ ತೆಗೆದುಕೊಂಡು ಬೊಕ್ಕಸದಿಂದ ಬೆಲೆ ತೆತ್ತ. ಆ ನಾಣ್ಯಗಳು ತುಘಲಕಾಬಾದಿನಲ್ಲಿ ಗುಡ್ಡದಂತೆ ಬಿದ್ದಿದ್ದವಂತೆ. ಇದನ್ನು ಮಾಡಿದವನನ್ನು ಅವಿವೇಕಿ ಎನ್ನಿ, ದುಡುಕಿನವನೆನ್ನಿ, ನಾನು ಒಪ್ಪುತ್ತೇನೆ. ಹುಚ್ಚ ಎಂದರೆ ಮಾತ್ರ ‘ಏಕೆ ಹೀಗಾಯಿತು?’ ಎಂಬ ಪ್ರಶ್ನೆ ಅಲ್ಲಿಗೇ ಸಾಯುತ್ತದೆ. ಹುಚ್ಚನಿಗೆ ಕಾರಣವೇಕೆ?

ಇನ್ನು ನಾಟಕ. ಗಿರೀಶ ಕಾರ್ನಾಡರ ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಬರೆದವರಿಗೆ ಆಗ ಇಪ್ಪತ್ತಾರರ ವಯಸ್ಸು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲ ಎಂಬ ಕೀರ್ತಿನಾಥ ಕುರ್ತಕೋಟಿಯವರ ಮಾತು ತಮ್ಮನ್ನು ಚರಿತ್ರೆಯ ಕಡೆಗೆ ತಿರುಗಿಸಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಅದೇ 1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. ಸ್ವಾತಂತ್ರ್ಯಾನಂತರದ ಕನಸುಗಳು ಮಾಸಿದ ಕಾಲದ ಮನಃಸ್ಥಿತಿಯನ್ನು ಈ ನಾಟಕ ಹಿಡಿದಿದೆಯೆಂದು ಯು.ಆರ್. ಅನಂತಮೂರ್ತಿಯವರು ಇದರ ಇಂಗ್ಲಿಷ್ ಅನುವಾದದ ಮುನ್ನುಡಿಯಲ್ಲಿ ಗುರುತಿಸಿದರು. ಅದೂ ಗೈಡುಗಳಿಗೆ ಬಂದು ‘ತುಘಲಕ್ ಎಂದರೆ ನೆಹರೂ’ ಎಂಬ ಇನ್ನೊಂದು ಸಮೀಕರಣವಾಯಿತು. ವಿಮರ್ಶಕರು ಕಂಡದ್ದು ಒಂದು ಕಾಲದ ನಿರಾಸೆಯನ್ನು. ಗೈಡಿಗೆ ಬೇಕಾದದ್ದು ಸಮಚಿಹ್ನೆ.

ಈ ನಾಟಕವನ್ನು ನಾನು ರಂಗದ ಮೇಲೆ ನೋಡಿದ್ದು ಕಾಲೇಜಿನ ದಿನಗಳಲ್ಲಿ, ರವೀಂದ್ರ ಕಲಾಕ್ಷೇತ್ರದಲ್ಲಿ. ನಟರಂಗದ ಪ್ರಯೋಗ, ಸಿ.ಆರ್. ಸಿಂಹ ಅವರೇ ತುಘಲಕ್. ಮುಗಿಯುವ ಹೊತ್ತಿಗೆ ಕಡೆಯ ಬಸ್ಸು ಹೋಗಿತ್ತು. ಮಾರುಕಟ್ಟೆ ದಾಟಿ, ಮಾಗಡಿ ರಸ್ತೆ ಹಿಡಿದು ರಾಜಾಜಿನಗರದವರೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಆರನೆಯ ದೃಶ್ಯ. ಪ್ರಾರ್ಥನೆಯ ವೇಳೆಯಲ್ಲಿ ಸುಲ್ತಾನನನ್ನು ಕೊಲ್ಲಬೇಕೆಂದು ಅಮೀರರು ಸಂಚು ಹೂಡಿದ್ದಾರೆ. ಸುಲ್ತಾನನಿಗೆ ಅದು ಮೊದಲೇ ತಿಳಿದಿದೆ. ತನ್ನ ಪ್ರಾರ್ಥನೆಯನ್ನು ಪೂರೈಸಿ, ಸಂಚುಗಾರರನ್ನು ಸೆರೆಹಿಡಿಸಿ, ತನ್ನ ಅತಿಥಿಯಾಗಿದ್ದ ಶಿಹಾಬುದ್ದೀನನನ್ನು ತಾನೇ ಇರಿಯುತ್ತಾನೆ. ಒಮ್ಮೆ ಇರಿಯುತ್ತಾನೆ, ಮತ್ತೆ ಇರಿಯುತ್ತಾನೆ. ಅವನು ಸತ್ತ ಮೇಲೂ ಇರಿಯುತ್ತಲೇ ಇರುತ್ತಾನೆ. ಕೈ ನಿಲ್ಲುವುದಿಲ್ಲ. ಎದುರಿಗೆ ನಿಂತ ಸೈನಿಕರೂ ಬೆದರುತ್ತಾರೆ.

ಗೈಡು ಹೇಳುವಂತೆ ಇಲ್ಲಿ ‘ಪ್ರಾರ್ಥನೆ ಎಂದರೆ ಧರ್ಮ’ ಎಂದು ಬರೆದು ಮುಂದೆ ಹೋಗಬಹುದೇ? ನಾಟಕದಲ್ಲಿ ಪ್ರಾರ್ಥನೆಗೆ ಏನೇನಾಗುತ್ತದೆ ಎಂಬುದನ್ನು ಕ್ರಮವಾಗಿ ನೋಡಿ. ನಾಟಕ ಆರಂಭವಾಗುವ ಮೊದಲೇ, ಪ್ರಾರ್ಥನೆಯ ಹೊತ್ತಿನಲ್ಲಿಯೇ ಈತ ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದನೆಂಬ ಮಾತು ಊರಲ್ಲಿ ಹಬ್ಬಿದೆ. ಅಂಥವನೇ ಸಿಂಹಾಸನವೇರಿ ದಿನಕ್ಕೆ ಐದು ಬಾರಿ ಪ್ರಾರ್ಥನೆ ಎಲ್ಲರಿಗೂ ಕಡ್ಡಾಯ ಎಂದು ಆಜ್ಞೆ ಮಾಡುತ್ತಾನೆ. ಅನಂತರ ಪ್ರಾರ್ಥನೆಯೇ ಕೊಲೆಯ ಸಂಚಾಗುತ್ತದೆ. ಸಂಚನ್ನು ಮುರಿದವನು ಪ್ರಾರ್ಥನೆಯನ್ನೇ ರಾಜ್ಯದಲ್ಲಿ ನಿಷೇಧಿಸುತ್ತಾನೆ. ವರ್ಷಗಳ ಮೇಲೆ ಖಲೀಫನ ವಂಶದವನೆಂದು ಹೇಳಿಕೊಂಡು ಒಬ್ಬ ಬರುತ್ತಾನೆ, ಅವನ ಸ್ವಾಗತದೊಡನೆ ಪ್ರಾರ್ಥನೆ ಮರಳಿ ಬರುತ್ತದೆ. ಬಂದವನು ಮಾತ್ರ ವೇಷ ಹಾಕಿದ ಕೊಲೆಗಾರ. ಕಟ್ಟಕಡೆಗೆ ಮಸೀದಿಯಿಂದ ಪ್ರಾರ್ಥನೆಯ ಕರೆ ಕೇಳುವಾಗ ಸುಲ್ತಾನ ಸಿಂಹಾಸನದ ಮೇಲೆ ನಿದ್ದೆ ಹೋಗಿದ್ದಾನೆ. ಕರೆ ನಿಂತ ಮೇಲೆ ಬೆಚ್ಚಿ ಎದ್ದು, ತಾನೆಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ. ನಾಟಕ ಮುಗಿಯುತ್ತದೆ.

ಇದರಲ್ಲಿ ಪ್ರಾರ್ಥನೆ ಯಾವುದಕ್ಕೆ ಸಮ? ಯಾವುದಕ್ಕೂ ಸಮವಲ್ಲ. ಮೊದಲು ತುಂಬಿದ್ದ ಒಂದು ಪಾತ್ರೆ ದೃಶ್ಯದಿಂದ ದೃಶ್ಯಕ್ಕೆ ಸೋರಿ ಬರಿದಾಗುವುದನ್ನು ನಾವು ನೋಡುತ್ತೇವೆ, ಅಷ್ಟೆ. ಸಂಕೇತ ಎಂಬುದು ನಾಟಕದಲ್ಲಿ ನಡೆಯುವ ಕ್ರಿಯೆ. ಅದನ್ನು ಎರಡು ಪದಗಳ ನಡುವೆ ಗೀಟು ಎಳೆದು ತೋರಿಸಲಾಗದು.

ಚದುರಂಗವೂ ಹಾಗೆಯೇ. ಎರಡನೆಯ ದೃಶ್ಯದಲ್ಲಿ ಸುಲ್ತಾನ ಒಬ್ಬನೇ ಕುಳಿತು, ಹಳೆಯ ಪಂಡಿತರಿಗೂ ಬಗೆಹರಿಯದ ಒಂದು ಸಮಸ್ಯೆಯನ್ನು ಬಿಡಿಸಿ ಮಗುವಿನಂತೆ ಹಿಗ್ಗುತ್ತಾನೆ. ಆ ಆಟದ ರುಚಿ ಬಲ್ಲ ಹಳೆಯ ಗೆಳೆಯ ಐನ್-ಉಲ್-ಮುಲ್ಕ್ ಅದೇ ವೇಳೆಗೆ ಸೈನ್ಯ ಕಟ್ಟಿಕೊಂಡು ದೆಹಲಿಯ ಮೇಲೆ ಬರುತ್ತಿದ್ದಾನೆ. ಮುಂದೆ, ತನ್ನನ್ನು ಬಹಿರಂಗವಾಗಿ ಟೀಕಿಸಿದ, ನೋಡಲು ತನ್ನಂತೆಯೇ ಇರುವ ಶೇಖ್ ಇಮಾಮುದ್ದೀನನಿಗೆ ತನ್ನ ರಾಜವಸ್ತ್ರ ತೊಡಿಸಿ ಆನೆಯ ಮೇಲೆ ಕೂರಿಸಿ ಸಂಧಾನಕ್ಕೆ ಕಳುಹಿಸುತ್ತಾನೆ. ಸುಲ್ತಾನನೆಂದು ತಿಳಿದು ಶತ್ರುಗಳು ಶೇಖನನ್ನು ಕೊಲ್ಲುತ್ತಾರೆ. ಹಲಗೆಯ ಮೇಲಿದ್ದ ಕಾಯಿ ಈಗ ರಕ್ತ ಮಾಂಸದ್ದಾಗಿದೆ. ಒಂಟಿಯಾಗಿ ಆಡಿದ ಆಟದ ಹಿಗ್ಗು ಮನುಷ್ಯರನ್ನು ನಡೆಸುವ ಚಟವಾಗುವುದು ಇಲ್ಲಿ. ‘ಚದುರಂಗ ಎಂದರೆ ರಾಜಕೀಯ’ ಎಂದು ಬರೆದ ಮಗುವಿಗೆ ಆ ಹಿಗ್ಗೂ ತಿಳಿಯಲಿಲ್ಲ, ಆ ಹೆಣವೂ ಕಾಣಲಿಲ್ಲ.

ಗುಲಾಬಿ ತೋಟದ ಗತಿಯನ್ನಂತೂ ಕೇಳುವುದೇ ಬೇಡ. ಸಾದಿಯ ಕವಿತೆಯೇ ನೆಲದ ಮೇಲೆ ಅರಳಬೇಕೆಂದು ಆಸೆಪಟ್ಟು ನೆಡಿಸಿದ ತೋಟ ಅದು. ಖೋಟಾ ನಾಣ್ಯಗಳನ್ನು ಹೊತ್ತ ನೂರಾರು ಗಾಡಿಗಳು ಅರಮನೆಗೆ ಬಂದಾಗ, ಅವನ್ನು ಸುರಿಯಲು ಸುಲ್ತಾನ ಆರಿಸುವ ಜಾಗವೂ ಅದೇ ತೋಟ.

ಈ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ನಾಣ್ಯವೂ ಒಂದು ಸಂಕೇತವೇ. ತಾಮ್ರದ ತುಂಡು ಬೆಳ್ಳಿಯ ಸಂಕೇತ. ಅದಕ್ಕೆ ಬೆಲೆ ಬರುವುದು ಮುದ್ರೆಯಿಂದ, ಮುದ್ರೆಗೆ ಬೆಲೆ ಬರುವುದು ದೊರೆಯ ಮಾತಿನ ಮೇಲೆ ಜನರಿಗಿರುವ ನಂಬಿಕೆಯಿಂದ. ನಂಬಿಕೆ ಹೋದ ದಿನ ನಾಣ್ಯ ಬರೀ ತಾಮ್ರ, ಪ್ರಾರ್ಥನೆ ಬರೀ ಸದ್ದು, ಗುಲಾಬಿ ಬರೀ ಮುಳ್ಳು, ರಾಜಧಾನಿ ಬರೀ ಕಲ್ಲು. ಹೀಗೆ ಒಬ್ಬ ಮನುಷ್ಯ ಅರ್ಥ ತುಂಬಿ ಕಟ್ಟಿಕೊಂಡಿದ್ದ ಸಂಕೇತಗಳೆಲ್ಲ ಒಂದೊಂದಾಗಿ ಬರಿದಾಗಿ, ಆ ಬರಿದಾದ ಚಿಪ್ಪುಗಳ ನಡುವೆ ಅವನೊಬ್ಬನೇ ಉಳಿಯುವುದನ್ನು ಕಾರ್ನಾಡರು ತೋರಿಸಿದರು. ಅದಕ್ಕೆ ನಾವು ‘ಹುಚ್ಚು’ ಎಂಬ ಪದ ಬಳಸುತ್ತೇವೆ. ಸಂಕೇತದ ಪ್ರಶ್ನೆಗೆ ಒಂದು ಉತ್ತರ, ಹುಚ್ಚಿನ ಪ್ರಶ್ನೆಗೆ ಇನ್ನೊಂದು ಉತ್ತರ ಎಂದು ನೋಟ್ಸಿನಲ್ಲಿ ವಿಂಗಡಿಸಿದ್ದಾರೆ. ನಾಟಕದಲ್ಲಿ ಅವೆರಡೂ ಒಂದೇ ಸಂಗತಿ.

ಕಡೆಯ ದೃಶ್ಯದಲ್ಲಿ ಸುಲ್ತಾನ ತನ್ನ ಹುಚ್ಚನ್ನು ತಾನೇ ಹೆಸರಿಸುತ್ತಾನೆ. ಬರನಿಯ ಎದುರು, ಜನ ತನ್ನನ್ನು ಏನೆಂದು ಕರೆಯುವರೆಂಬುದನ್ನು ಬಲ್ಲವನಾಗಿ ಆ ಮಾತನ್ನಾಡುತ್ತಾನೆ. ತಾನು ಹುಚ್ಚನೆಂದು ಅಷ್ಟು ಸ್ಪಷ್ಟವಾಗಿ ಹೇಳಬಲ್ಲವನು ಯಾವ ಅರ್ಥದಲ್ಲಿ ಹುಚ್ಚ? ಖಲೀಫನ ವಂಶದ ವೇಷದಲ್ಲಿ ಬಂದ ಅಗಸ ಆಜೀಜನ ಗುಟ್ಟು ಬಯಲಾದಾಗ ಅವನನ್ನು ಕೊಲ್ಲಿಸದೆ ಅಧಿಕಾರ ಕೊಟ್ಟು ದಖನ್ನಿಗೆ ಕಳಿಸುತ್ತಾನಲ್ಲ, ಆ ತೀರ್ಮಾನದ ಹಿಂದೆ ಭಯಂಕರವಾದ ತರ್ಕವಿದೆ. ತನ್ನ ಒಂದೊಂದು ಘೋಷಣೆಯನ್ನೂ ಸರಿಯಾಗಿ ಅರ್ಥಮಾಡಿಕೊಂಡು ಲಾಭ ಮಾಡಿಕೊಂಡ ಏಕೈಕ ಪ್ರಜೆ ಇವನೇ ಎಂಬುದು ಅವನಿಗೆ ತಿಳಿದಿದೆ. ನ್ಯಾಯ ಕೊಡುತ್ತೇನೆಂದಾಗ ಆಜೀಜ ಬ್ರಾಹ್ಮಣನಾದ, ನಾಣ್ಯ ಹೊರಡಿಸಿದಾಗ ಖೋಟಾ ನಾಣ್ಯ ಹೊಯ್ದ, ಖಲೀಫನ ಕಡೆಯವನನ್ನು ಕರೆದಾಗ ಅವನೇ ಆಗಿ ಬಂದ. ಆಜೀಜನೇ ಆ ರಾಜ್ಯದ ನಿಜವಾದ ಖೋಟಾ ನಾಣ್ಯ. ಆ ಕ್ಷಣದಲ್ಲಿ ಆಸ್ಥಾನದಲ್ಲೆಲ್ಲ ಸ್ಪಷ್ಟವಾಗಿ ಕಾಣುತ್ತಿರುವವನು ಸುಲ್ತಾನನೊಬ್ಬನೇ. ಕಂಡದ್ದರಿಂದ ಮಾತ್ರ ಇನ್ನೇನೂ ಪ್ರಯೋಜನವಿಲ್ಲ.

ದುರಂತ ನಾಟಕಗಳ ಪರಂಪರೆಯಲ್ಲೂ ಇದೇ ಸತ್ಯ. ಸೊಫೋಕ್ಲಿಸನ ‘ಏಜಾಕ್ಸ್’ ನಾಟಕದ ವೀರ, ತನಗೆ ಸಲ್ಲಬೇಕಾದ ಆಯುಧಗಳು ಬೇರೆಯವನಿಗೆ ಹೋದವೆಂಬ ಕ್ರೋಧದಲ್ಲಿ, ದೇವತೆ ಕವಿಸಿದ ಭ್ರಾಂತಿಯಿಂದ ದನಗಳ ಮಂದೆಯನ್ನೇ ಶತ್ರುಗಳೆಂದು ತಿಳಿದು ಕಡಿದುಹಾಕುತ್ತಾನೆ. ಆ ಭ್ರಾಂತಿ ಇರುವುದು ಒಂದು ರಾತ್ರಿ. ದುರಂತ ಶುರುವಾಗುವುದು ಬೆಳಗ್ಗೆ ಬುದ್ಧಿ ತಿಳಿಯಾಗಿ, ತಾನು ಮಾಡಿದ್ದನ್ನು ತಾನೇ ಕಂಡಾಗ. ಅವನು ತನ್ನ ಕತ್ತಿಗೆ ತಾನೇ ಬೀಳುವುದು ಸ್ವಸ್ಥ ಬುದ್ಧಿಯಲ್ಲಿ. ಈ ನಾಟಕದ ಜಾಡಿನಲ್ಲಿಯೇ ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ರಚಿಸಿದರು. ಚಿರಂಜೀವಿಯಾದ ಅಶ್ವತ್ಥಾಮ ಸಾಯುವುದುಂಟೇ ಎಂದು ಅದರ ಮೇಲೆ ಆಕ್ಷೇಪ ಬಂತು. ಶ್ರೀಯವರಿಗೆ ಬೇಕಾಗಿದ್ದದ್ದು ಪುರಾಣದ ವರ ಪಡೆದವನಲ್ಲ, ತನ್ನ ಕೃತ್ಯವನ್ನು ಕಂಡ ಮೇಲೆ ಬದುಕಲಾರದವನು.

ಶೇಕ್ಸ್‌ಪಿಯರನ ಲಿಯರ್ ದೊರೆಯ ಕಥೆ ನಿಮಗೆ ಗೊತ್ತೇ ಇದೆ. ಹೆಣ್ಣುಮಕ್ಕಳು ಹೊರದೂಡಿದ ಮುದುಕ ಬಿರುಗಾಳಿ ಮಳೆಯಲ್ಲಿ ಬಯಲಲ್ಲಿ ಅಲೆಯುತ್ತಾನೆ. ಬುದ್ಧಿ ಜಾರುತ್ತಿರುವ ಆ ಹೊತ್ತಿನಲ್ಲೇ, ಮೈಮೇಲೆ ಬಟ್ಟೆಯಿಲ್ಲದ, ತಲೆಯ ಮೇಲೆ ಸೂರಿಲ್ಲದ ಬಡವರನ್ನು ಮೊದಲ ಬಾರಿಗೆ ನೆನೆಯುತ್ತಾನೆ. ಇಷ್ಟು ವರ್ಷ ಆಳಿದರೂ ಇವರ ಕಡೆ ಗಮನ ಕೊಡಲಿಲ್ಲವಲ್ಲಾ ಎಂದು ಮರುಗುತ್ತಾನೆ. ಕಿರೀಟವಿದ್ದಾಗ ಕುರುಡನಾಗಿದ್ದವನಿಗೆ ಬಿರುಗಾಳಿಯಲ್ಲಿ ಕಣ್ಣು ಬಂತು. ಇದನ್ನು ‘ಹುಚ್ಚಿನ ಕಡೆಗೆ ಪತನ’ ಎಂದು ಒಂದೇ ಸಾಲಿನಲ್ಲಿ ಬರೆಯುವ ನೋಟ್ಸುಗಳಿಗೆ ಏನೆನ್ನಬೇಕು? ಜಾರುವುದೂ ಕಾಣುವುದೂ ಒಟ್ಟಿಗೆ ನಡೆಯುತ್ತವೆ. ಆ ಎರಡರಲ್ಲಿ ಒಂದನ್ನು ತೆಗೆದರೆ ದುರಂತ ಉಳಿಯುವುದಿಲ್ಲ. ಒಂದು ರೋಗದ ವರದಿಯೋ ಒಂದು ನೀತಿಕಥೆಯೋ ಉಳಿಯುತ್ತದೆ.

ಇನ್ನು ನನ್ನ ಪಾಲಿನ ತಪ್ಪೊಪ್ಪಿಗೆ.

1990ರ ದಶಕದ ಆರಂಭದಲ್ಲಿ, ವಿಜಯನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡದ ಜೊತೆ ಸಮಾಜವನ್ನೂ ಪಾಠ ಮಾಡುತ್ತಿದ್ದೆ. ದೆಹಲಿ ಸುಲ್ತಾನರ ಪಾಠ ಬಂದಾಗಲೆಲ್ಲ ತರಗತಿಯನ್ನು ನಗಿಸುವುದು ನನಗೆ ಸುಲಭವಾಗಿತ್ತು. ರಾಜಧಾನಿ ಬದಲಾಯಿಸಿದ್ದು, ನಾಣ್ಯ ಹೊರಡಿಸಿದ್ದು, ಮತ್ತೆ ದೆಹಲಿಗೇ ಮರಳಿದ್ದು, ಎಲ್ಲವನ್ನೂ ಅಭಿನಯಿಸಿ ಹೇಳುತ್ತಿದ್ದೆ. ಆ ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ "ಇವನನ್ನ ನಿಮ್ಹಾನ್ಸಿಗೆ ಸೇರಿಸಬೇಕಾಗಿತ್ತು ಸಾರ್" ಎಂದ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕು, "ಆಗ ನಿಮ್ಹಾನ್ಸ್ ಎಲ್ಲಿತ್ತಪ್ಪಾ" ಎಂದು ನಗುವನ್ನು ಇನ್ನಷ್ಟು ಬೆಳೆಸಿದೆ. ರಾತ್ರಿ ಹತ್ತು ಗಂಟೆಗೆ ನಾಟಕ ನೋಡಿ ಮಾಗಡಿ ರಸ್ತೆಯಲ್ಲಿ ಒಬ್ಬನೇ ನಡೆದುಬಂದಿದ್ದವನೂ ನಾನೇ ಎಂಬುದು ಆ ಕ್ಷಣ ನೆನಪಿರಲಿಲ್ಲ.

ಸಂಜೆ ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಸಿಬ್ಬಂದಿ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಹೆಚ್ಚು ಮಾತಿನವನಲ್ಲ. "ಏನಪ್ಪಾ?" ಎಂದೆ. "ಸಾರ್, ತುಘಲಕ್‌ಗೆ ಅವ್ರ ಮನೇವ್ರು ಯಾರೂ ಮಾತ್ರೆ ಕೊಡಿಸ್ಲಿಲ್ವಾ ಸಾರ್?" ಎಂದು ಕೇಳಿದ. ಅವನೂ ತಮಾಷೆ ಮಾಡುತ್ತಿದ್ದಾನೆಂದು ತಿಳಿದು ನಾನು "ರಾಜನಿಗೆ ಯಾರೋ ಮಾತ್ರೆ ಕೊಡಿಸ್ತಾರೆ, ಹೋಗು" ಎಂದು ಕಳಿಸಿಬಿಟ್ಟೆ. ಮುಂದಿನ ಎರಡು ದಿನ ಅವನು ಶಾಲೆಗೆ ಬರಲಿಲ್ಲ. ಅವನ ತಂದೆಯ ಕಾಯಿಲೆಯ ವಿಚಾರ, ಪ್ರತಿ ತಿಂಗಳೂ ತಾಯಿ ಕೆಲಸಕ್ಕೆ ರಜೆ ಹಾಕಿ ಎರಡು ಬಸ್ಸು ಬದಲಿಸಿ ಅವರನ್ನು ಅದೇ ಆಸ್ಪತ್ರೆಗೆ ಕರೆದೊಯ್ದು ಔಷಧ ತರುವ ವಿಚಾರ, ಸಹೋದ್ಯೋಗಿಯೊಬ್ಬರಿಂದ ನನಗೆ ತಿಳಿದದ್ದು ಆಮೇಲೆ.

ಅವನು ಕೇಳಿದ್ದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ತರಗತಿಯಲ್ಲಿ ಆ ದಿನ ಯಾರೊಬ್ಬರೂ ಕೇಳದ ಒಂದೇ ಒಂದು ಮನುಷ್ಯ ಪ್ರಶ್ನೆ ಅದು. ನಾವು ಮೂವತ್ತೆಂಟು ಮಂದಿ ‘ಹುಚ್ಚ’ ಎಂಬ ಪದವನ್ನು ಸಂಕೇತವಾಗಿ ಬಳಸಿ ನಗುತ್ತಿದ್ದಾಗ, ಅವನೊಬ್ಬನಿಗೆ ಆ ಪದದ ಹಿಂದೆ ಒಂದು ಮುಖವಿತ್ತು. ಆ ವರ್ಷ ಮುಗಿಯುವವರೆಗೂ ಅವನ ಮುಂದೆ ನಾನು ಆ ಮಾತನ್ನು ಎತ್ತಲಿಲ್ಲ. ಕ್ಷಮೆ ಕೇಳುವ ಧೈರ್ಯ ಬರಲಿಲ್ಲ ಎಂದರೆ ಹೆಚ್ಚು ಸತ್ಯ. ಈ ಸಾಲುಗಳನ್ನು ಅವನು ಓದುವನೋ ಇಲ್ಲವೋ ಅರಿಯೆ. ಓದಿದರೆ, ನಿನ್ನ ಮೇಷ್ಟ್ರದು ತಪ್ಪಾಯಿತು ಕಣಪ್ಪಾ.

ಆದ್ದರಿಂದಲೇ ಈ ವಿಷಯದಲ್ಲಿ ನನಗೆ ಇಷ್ಟು ಹಟ. ನಾಟಕದ ಹುಚ್ಚು ಬೇರೆ, ಮನೆಯ ಕಾಯಿಲೆ ಬೇರೆ. ನಾಟಕದ್ದು ಕವಿ ಕಟ್ಟಿದ ಸ್ಥಿತಿ. ಅಲ್ಲಿ ಅದಕ್ಕೆ ನಾಯಕನ ತಪ್ಪಿನೊಡನೆ, ತಿಳಿವಿನೊಡನೆ ಸಂಬಂಧವಿದೆ. ಮನೆಯ ಕಾಯಿಲೆ ಯಾವ ತಪ್ಪಿನ ಫಲವೂ ಅಲ್ಲ, ಸಕ್ಕರೆ ಕಾಯಿಲೆ ಹೇಗೋ ಹಾಗೆ. ಅದಕ್ಕೆ ವೈದ್ಯರಿದ್ದಾರೆ, ಔಷಧವಿದೆ. 2017ರಲ್ಲಿ ಬಂದ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯೂ ಘನತೆಯೂ ರೋಗಿಯ ಹಕ್ಕು. ‘ಅಹಂಕಾರಪಟ್ಟ, ಕ್ರೂರಿಯಾದ, ಕೊನೆಗೆ ಹುಚ್ಚನಾದ’ ಎಂಬ ಮೂರು ಮೆಟ್ಟಿಲಿನ ಪಾಠವನ್ನು ಬಾಯಿಪಾಠ ಮಾಡಿದ ಮಗು, ನಾಳೆ ಪಕ್ಕದ ಮನೆಯ ರೋಗಿಯನ್ನು ನೋಡಿ ‘ಏನು ಪಾಪ ಮಾಡಿದ್ದನೋ’ ಎಂದುಕೊಂಡರೆ ಆಶ್ಚರ್ಯವೇನು? ಪಾಠ ಕಲಿಸಿದವರು ನಾವೇ ಅಲ್ಲವೇ?

ನನ್ನ ಸ್ನೇಹಿತರಾದ ಕಾಲೇಜು ಅಧ್ಯಾಪಕರೊಬ್ಬರು ಇದಕ್ಕೆ ಉತ್ತರ ಕೊಟ್ಟರು: "ಪರೀಕ್ಷೆಯಲ್ಲಿ ‘ಸಂಕೇತಗಳನ್ನು ವಿವರಿಸಿ’ ಎಂದೇ ಕೇಳುತ್ತಾರಲ್ಲ ಸ್ವಾಮಿ, ಅಂಕ ಬೇಡವೇ ಮಕ್ಕಳಿಗೆ?" ಅಂಕ ಬೇಕು, ಒಪ್ಪಿದೆ. ಮೂವತ್ತು ವರ್ಷ ಅಂಕ ಕೊಟ್ಟು ಬಂದವನು ನಾನು, ಅಂಕದ ಮೇಲೆ ನನಗೆ ವೈರವಿಲ್ಲ. ಪ್ರಾರ್ಥನೆ ಎಲ್ಲೆಲ್ಲಿ ಬರುತ್ತದೆ, ಪ್ರತಿ ಸಲ ಅದಕ್ಕೇನಾಗುತ್ತದೆ ಎಂದು ಒಂದು ಪುಟ ಬರೆದ ವಿದ್ಯಾರ್ಥಿಗೆ ಯಾವ ಮೌಲ್ಯಮಾಪಕರೂ ಅಂಕ ಕಡಿಮೆ ಮಾಡುವುದಿಲ್ಲ. ಆ ಪುಟ ಬರೆಯಬೇಕಾದರೆ ಪುಸ್ತಕ ಓದಬೇಕಾಗುತ್ತದೆ, ತೊಂದರೆ ಇರುವುದು ಅಲ್ಲಿ. ಹದಿಮೂರು ದೃಶ್ಯಗಳ ಪುಟ್ಟ ನಾಟಕ, ಒಂದು ಭಾನುವಾರ ಮಧ್ಯಾಹ್ನ ಸಾಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಈ ನಾಟಕದಲ್ಲಿ ಎಲ್ಲವನ್ನೂ ಸಂಕೇತವಾಗಿ ಕಾಣುವವನು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ಸ್ವತಃ ತುಘಲಕ್. ದೌಲತಾಬಾದು ಅವನಿಗೆ ಊರಲ್ಲ, ಹಿಂದೂ ಮುಸಲ್ಮಾನರ ಐಕ್ಯದ ಸಂಕೇತ. ತೋಟ ತೋಟವಲ್ಲ, ಸಾದಿಯ ಕವಿತೆಯ ಸಂಕೇತ. ಆ ಐಕ್ಯದ ಸಂಕೇತಕ್ಕಾಗಿ ದೆಹಲಿಯ ಜನ ನಡೆಯುತ್ತಾರೆ. ದಾರಿಯ ಡೇರೆಯೊಂದರಲ್ಲಿ ತಾಯಿಯೊಬ್ಬಳು ಸಾಯುತ್ತಿರುವ ತನ್ನ ಮಗುವನ್ನು ವೈದ್ಯರಿಗೆ ತೋರಿಸಲು ಅಪ್ಪಣೆ ಕೊಡಿರೆಂದು ಅಧಿಕಾರಿಯ ವೇಷದ ಆಜೀಜನ ಮುಂದೆ ಗೋಗರೆಯುತ್ತಾಳೆ. ಅವನು ಹಣ ಕೇಳುತ್ತಾನೆ. ಆ ಮಗು ಯಾವುದರ ಸಂಕೇತ? ಯಾವುದರದ್ದೂ ಅಲ್ಲ. ಅದು ಕಾಯಿಲೆಯಾದ ಒಂದು ಮಗು. ಸುಲ್ತಾನನ ಮಹಾಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಮ್ಮ ಗೈಡುಗಳಲ್ಲೂ ಇಲ್ಲ. ನಾಲ್ಕು ಹಾಳೆಗಳನ್ನೂ ಹುಡುಕಿದೆ, ಆ ತಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಮನುಷ್ಯರನ್ನು ಬಿಟ್ಟು ಅರ್ಥಗಳನ್ನು ಮಾತ್ರ ಕಾಣುವ ಈ ಕುರುಡಿನಲ್ಲಿ ನೋಟ್ಸು ಬರೆದವರಿಗೂ ಆ ದೊರೆಗೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಅಕ್ಕನ ಮೊಮ್ಮಗಳಿಗೆ ನನ್ನ ಹಳೆಯ ಪ್ರತಿಯನ್ನು ಕೊಟ್ಟು ಕಳಿಸಿದ್ದೇನೆ. ರಟ್ಟು ಕಳಚಿದೆ, ಅಂಚುಗಳಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ. ಕೆಲವು ಕಡೆ ನಾನೂ ಗೀಟು ಎಳೆದು ಸಮಚಿಹ್ನೆ ಹಾಕಿರುವುದು ಕಣ್ಣಿಗೆ ಬಿತ್ತು. ಅಳಿಸೋಣವೆಂದುಕೊಂಡು ಅಳಿಸದೆ ಹಾಗೆಯೇ ಬಿಟ್ಟೆ. ತಾತನೂ ಹೀಗೆ ಓದುತ್ತಿದ್ದ ಎಂಬುದು ಅವಳಿಗೆ ತಿಳಿಯಲಿ. ಮೊನ್ನೆ ಫೋನು ಮಾಡಿ, ಏಳನೆಯ ದೃಶ್ಯದವರೆಗೆ ಬಂದಿದ್ದೇನೆ ಎಂದಳು. "ಆ ಮಗುವಿಗೆ ಏನಾಯಿತು ತಾತ?" ಎಂದು ಕೇಳಿದಳು.

ಮುಂದೆ ಓದಮ್ಮಾ ಎಂದೆ.